1993ರ ವಿಡಿಯೋ ಗೇಮುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಗೇಮುಗಳ ಮಾತು ಬಂದಾಗಲೆಲ್ಲ ಸುತ್ತಿ ಸುತ್ತಿ 1993ಕ್ಕೇ ಬಂದು ನಿಲ್ಲುತ್ತದೆ. ಆ ವರ್ಷದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ನನ್ನ ಪಕ್ಷಪಾತವೂ ಸೇರಿಕೊಂಡಿದೆ, ಇರಲಿ.

1993ನ್ನೇ ಯಾಕೆ ಅಷ್ಟು ದೊಡ್ಡದು ಮಾಡುತ್ತೀರಿ? 1991, 1992 ಏನು ಕಮ್ಮಿ?

ಕಮ್ಮಿಯೇನಲ್ಲ. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂತು, ಸೆಗಾ ಕಂಪನಿಯ ಮುಳ್ಳುಹಂದಿ ಸೋನಿಕ್ ಬಂತು. 1992ರಲ್ಲಿ ಮಾರ್ಟಲ್ ಕಾಂಬ್ಯಾಟ್, ವುಲ್ಫೆನ್‌ಸ್ಟೈನ್ 3ಡಿ, ಸೂಪರ್ ಮಾರಿಯೋ ಕಾರ್ಟ್. ಬರೀ ಒಳ್ಳೆಯ ಆಟಗಳ ಪಟ್ಟಿ ಹಾಕಿದರೆ ಆ ಎರಡು ವರ್ಷಗಳೂ ಗೆದ್ದಾವು.

ಆದರೆ ಆಟಕ್ಕೆ ಕಾಸು ಯಾರು ಕೊಡಬೇಕು, ಯಾವಾಗ ಕೊಡಬೇಕು ಅನ್ನುವ ಲೆಕ್ಕವೇ ತಲೆಕೆಳಗಾಗಿದ್ದು 1993ರಲ್ಲಿ. ಒಂದೇ ವರ್ಷದಲ್ಲಿ ನಾಲ್ಕು ಥರದ ವ್ಯಾಪಾರ ಪಕ್ಕಪಕ್ಕದಲ್ಲೇ ನಡೆಯಿತು: ನಿಮಿಷ ನಿಮಿಷಕ್ಕೂ ನಾಣ್ಯ ಕೇಳುವ ಎನ್‌ಬಿಎ ಜ್ಯಾಮ್, ಅಂಗಡಿಯಿಂದ ಕೊಂಡು ತರುವ ಮಾರ್ಟಲ್ ಕಾಂಬ್ಯಾಟ್ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಆಟದ ಕ್ಯಾಸೆಟ್), 700 ಡಾಲರಿನ 3ಡಿಒ ಎಂಬ ಮನೆಯ ಗೇಮ್ ಯಂತ್ರ, ಪುಕ್ಕಟೆಯಾಗಿ ಸಿಕ್ಕ, ರಾಕ್ಷಸರಿಗೆ ಗುಂಡಿಕ್ಕುವ ಕಂಪ್ಯೂಟರ್ ಆಟ ಡೂಮ್. ಗ್ರಾಫಿಕ್ಸ್ ಬಗ್ಗೆ, ರಕ್ತದ ಬಗ್ಗೆ ಆ ವರ್ಷ ನಡೆದ ಜಗಳಗಳನ್ನು ಕೆದಕಿ ನೋಡಿದರೆ ಅಡಿಯಲ್ಲಿ ಈ ಕಾಸಿನ ಲೆಕ್ಕವೇ ಸಿಗುತ್ತದೆ.

ಆರ್ಕೇಡ್ ಅಂದರೆ ಮಾಲ್‌ಗಳಲ್ಲಿ ಇರುವ ಗೇಮ್ ಝೋನ್ ತಾನೇ?

ಹೆಚ್ಚುಕಮ್ಮಿ ಅದೇ. ಆಳೆತ್ತರದ ಮರದ ಪೆಟ್ಟಿಗೆ, ಒಳಗೊಂದು ಟಿವಿ, ಎದುರಿಗೆ ಜಾಯ್‌ಸ್ಟಿಕ್ಕು, ಬಟನ್ನು, ಕೆಳಗೆ ಕಾಯಿನ್ ಹಾಕುವ ಸೀಳು. ಈಗ ಕಾರ್ಡ್ ಉಜ್ಜುತ್ತಾರೆ, ಆಗ ಅಮೆರಿಕದಲ್ಲಿ 25 ಸೆಂಟಿನ ನಾಣ್ಯ, ಜಪಾನಿನಲ್ಲಿ 100 ಯೆನ್ ಹಾಕುತ್ತಿದ್ದರು.

ಎನ್‌ಬಿಎ ಜ್ಯಾಮ್ ನಿಜವಾಗಲೂ ಅಷ್ಟು ದುಡ್ಡು ಮಾಡಿತೇ?

ಮೊದಲ ವರ್ಷದಲ್ಲೇ ನಾಣ್ಯಗಳ ರೂಪದಲ್ಲಿ ಸುಮಾರು 100 ಕೋಟಿ ಡಾಲರ್ ಎಂಬುದು ಪ್ರಚಲಿತದಲ್ಲಿರುವ ಅಂಕಿ. ಅದೇ ವರ್ಷ ತೆರೆಕಂಡ ಜುರಾಸಿಕ್ ಪಾರ್ಕ್ ಅಮೆರಿಕದ ಥಿಯೇಟರುಗಳಲ್ಲಿ ಗಳಿಸಿದ್ದು 35 ಕೋಟಿ ಡಾಲರ್ ಆಸುಪಾಸು. ಹೋಲಿಸಿ ನೋಡಿ.

ಷಿಕಾಗೋದ ಮಿಡ್‌ವೇ ಕಂಪನಿಯ ಮಾರ್ಕ್ ಟರ್ಮೆಲ್ ಮತ್ತು ತಂಡ ಮಾಡಿದ ಬ್ಯಾಸ್ಕೆಟ್‌ಬಾಲ್ ಆಟ ಇದು. ತಂಡಕ್ಕೆ ಇಬ್ಬರೇ. ಫೌಲ್ ಇಲ್ಲ, ತಳ್ಳಾಡಿದರೂ ಕೇಳುವವರಿಲ್ಲ. ಆಟಗಾರ ಮನೆ ಮಹಡಿಯಷ್ಟು ಎತ್ತರಕ್ಕೆ ಹಾರಿ, ಗಾಳಿಯಲ್ಲೇ ಲಾಗ ಹೊಡೆದು ಚೆಂಡನ್ನು ಬುಟ್ಟಿಗೆ ತುರುಕುತ್ತಾನೆ. ಎದುರಾಳಿಗೆ ಅಂಕ ಬಿಟ್ಟುಕೊಡದೆ ಒಬ್ಬನೇ ಸತತ ಮೂರು ಬಾರಿ ಬುಟ್ಟಿಗೆ ಹಾಕಿದರೆ ಅವನ ಕೈಯಲ್ಲಿ ಚೆಂಡು ಹೊತ್ತಿ ಉರಿಯತೊಡಗುತ್ತದೆ. ಹಿನ್ನೆಲೆಯಲ್ಲಿ ಟಿಮ್ ಕಿಟ್ಜ್ರೋ ಎಂಬ ಕಲಾವಿದನ ದನಿ 'ಬೂಮ್‌ಶಾಕಲಾಕಾ!' ಎಂದು ಕೂಗುತ್ತದೆ.

ಜಾಣತನ ಇದ್ದದ್ದು ಒಳಗೆ. ಹಿಂದೆ ಬಿದ್ದ ತಂಡಕ್ಕೆ ಯಂತ್ರವೇ ಗುಟ್ಟಾಗಿ ಸಹಾಯ ಮಾಡುತ್ತಿತ್ತು. ಮುಂದಿದ್ದವರ ಚೆಂಡು ಗುರಿ ತಪ್ಪುತ್ತದೆ, ಹಿಂದಿದ್ದವರದ್ದು ಬೀಳುತ್ತದೆ. ಹೀಗಾಗಿ ಪಂದ್ಯ ಕೊನೇತನಕ ಬಿಗಿಯಾಗಿರುತ್ತಿತ್ತು. ಪಂದ್ಯಕ್ಕೆ ನಾಲ್ಕು ಭಾಗ, ಪ್ರತಿ ಭಾಗಕ್ಕೂ ಮತ್ತೆ ಕಾಸು. ಎರಡೇ ಪಾಯಿಂಟ್ ಹಿಂದಿರುವವನು ಜೇಬಿಗೆ ಕೈ ಹಾಕದೆ ಬಿಡುತ್ತಾನೆಯೇ? ಒಂದೇ ಪೆಟ್ಟಿಗೆಯ ಮುಂದೆ ನಾಲ್ವರು ನಿಂತು ಆಡಬಹುದಿತ್ತು, ಅಂದರೆ ನಾಲ್ಕು ಜೇಬು.

ಡೆಟ್ರಾಯ್ಟ್ ಪಿಸ್ಟನ್ಸ್ ತಂಡದ ಕಟ್ಟಾ ಅಭಿಮಾನಿಯಾದ ಟರ್ಮೆಲ್ ತಮ್ಮ ಸ್ವಂತ ಸಿಟ್ಟನ್ನೂ ಕೋಡಿನೊಳಗೆ ಸೇರಿಸಿದ್ದರು. ಪಿಸ್ಟನ್ಸ್ ಮೇಲಿನ ಬಿಗಿಯಾದ ಪಂದ್ಯದಲ್ಲಿ ಷಿಕಾಗೋ ಬುಲ್ಸ್ ಕೊನೇ ಕ್ಷಣದಲ್ಲಿ ಎಸೆದ ಚೆಂಡು ಗುರಿ ತಪ್ಪಬೇಕು ಎಂದು. ಷಿಕಾಗೋದಲ್ಲೇ ಕೂತು ಷಿಕಾಗೋ ತಂಡಕ್ಕೆ ಈ ಕೆಲಸ ಮಾಡಿದ್ದನ್ನು ವರ್ಷಗಳ ನಂತರ ಅವರೇ ಒಪ್ಪಿಕೊಂಡರು.

'ಮಾರ್ಟಲ್ ಮಂಡೇ' ಅಂದರೇನು?

1993ರ ಸೆಪ್ಟೆಂಬರ್ 13, ಸೋಮವಾರ. ಆರ್ಕೇಡಿನಲ್ಲಿ ಹಿಂದಿನ ವರ್ಷ ಹುಚ್ಚೆಬ್ಬಿಸಿದ್ದ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟವನ್ನು ಅಕ್ಲೇಮ್ ಕಂಪನಿ ಅಂದು ನಾಲ್ಕು ಯಂತ್ರಗಳಿಗೆ ಒಟ್ಟಿಗೇ ಬಿಡುಗಡೆ ಮಾಡಿತು: ಟಿವಿಗೆ ಸಿಕ್ಕಿಸುವ ಸೂಪರ್ ನಿಂಟೆಂಡೋ, ಸೆಗಾ ಜೆನೆಸಿಸ್, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್, ಗೇಮ್ ಗಿಯರ್. ಟಿವಿಯಲ್ಲಿ ಜಾಹೀರಾತು, ತಾರೀಕು ಮೊದಲೇ ಘೋಷಣೆ, ಸಿನಿಮಾ ಬಿಡುಗಡೆಯ ಸಂಭ್ರಮ. ಅಲ್ಲಿಯವರೆಗೆ ಗೇಮು ಅಂಗಡಿಗೆ ಬಂದಾಗ ಬಂತು ಅಷ್ಟೇ. 'ರಿಲೀಸ್ ಡೇಟ್' ಎಂಬ ಹಬ್ಬವನ್ನು ಗಟ್ಟಿಯಾಗಿ ನೆಲೆಗೊಳಿಸಿದ್ದರಲ್ಲಿ 1992ರ ಸೋನಿಕ್ 2 ಜೊತೆಗೆ ಇದಕ್ಕೂ ಪಾಲಿದೆ.

ಗಲಾಟೆ ಎದ್ದದ್ದು ರಕ್ತದ ವಿಷಯಕ್ಕೆ. ಆಟದ ಪಾತ್ರಗಳು ಬರೆದ ಚಿತ್ರಗಳಲ್ಲ, ನಿಜವಾದ ನಟರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ಸೆರೆಹಿಡಿದ ಆಕೃತಿಗಳು. ಎಡ್ ಬೂನ್ ಪ್ರೋಗ್ರಾಮ್ ಬರೆದರು, ಜಾನ್ ಟೊಬಾಯಸ್ ಚಿತ್ರದ ಕೆಲಸ ನೋಡಿಕೊಂಡರು. ಡೇನಿಯಲ್ ಪೆಸಿನಾ ಒಬ್ಬರೇ ಜಾನಿ ಕೇಜ್, ಸ್ಕಾರ್ಪಿಯನ್, ಸಬ್‌ಝೀರೋ ಮೂರೂ ಆದರು, ಗುಟ್ಟಾಗಿ ಬರುವ ರೆಪ್ಟೈಲ್ ಸಹ ಅವರೇ. ನಿಂಜಾ ಬಟ್ಟೆ ಒಂದೇ, ಕಂಪ್ಯೂಟರಿನಲ್ಲಿ ಬಣ್ಣ ಮಾತ್ರ ಬದಲು: ಹಳದಿಯಾದರೆ ಸ್ಕಾರ್ಪಿಯನ್, ನೀಲಿಯಾದರೆ ಸಬ್‌ಝೀರೋ, ಹಸಿರಾದರೆ ರೆಪ್ಟೈಲ್. ಮೆಮೊರಿ ಉಳಿಸುವ ಉಪಾಯವೇ ಮುಂದೆ ಆಟದ ಗುರುತಾಗಿ ನಿಂತಿತು. ನಾಲ್ಕು ಕೈಯ ಗೋರೋ ಮಾತ್ರ ಮನುಷ್ಯನಲ್ಲ, ಜೇಡಿಮಣ್ಣಿನಲ್ಲಿ ಮಾಡಿದ ಬೊಂಬೆ. ಫ್ರೇಮ್ ಫ್ರೇಮಾಗಿ ಅಲುಗಾಡಿಸಿ ತೆಗೆದದ್ದು.

ಜೆನೆಸಿಸ್‌ನಲ್ಲಿ ರಕ್ತ, ನಿಂಟೆಂಡೋದಲ್ಲಿ ಬೆವರು. ಇದು ನಿಜವೇ?

ನಿಜ. ಮನೆಮಂದಿಯ ಕಂಪನಿ ಎಂಬ ಹೆಸರು ಉಳಿಸಿಕೊಳ್ಳಲು ನಿಂಟೆಂಡೋ ರಕ್ತ ತೆಗೆಸಿ, ಬೂದು ಬಣ್ಣದ ಬೆವರು ಹಾಕಿಸಿತು. ಸೋತವನ ಕಥೆ ಮುಗಿಸುವ 'ಫೇಟಾಲಿಟಿ' ದೃಶ್ಯಗಳನ್ನೂ ಸಪ್ಪೆ ಮಾಡಿಸಿತು. ಸೆಗಾ ಬೇರೆ ದಾರಿ ಹಿಡಿಯಿತು. ಅದೇ ವರ್ಷ ಶುರು ಮಾಡಿದ ತನ್ನದೇ ರೇಟಿಂಗ್ ಮಂಡಳಿಯಿಂದ 13 ವರ್ಷ ಮೀರಿದವರಿಗೆ ಎಂಬ ಚೀಟಿ ಅಂಟಿಸಿತು, ರಕ್ತವನ್ನು ಒಂದು ಗುಟ್ಟಿನ ಕೋಡಿನ ಹಿಂದೆ ಇಟ್ಟಿತು. ಎ, ಬಿ, ಎ, ಸಿ, ಎ, ಬಿ, ಬಿ. ಬಟನ್‌ಗಳನ್ನು ಈ ಕ್ರಮದಲ್ಲಿ ಒತ್ತಿದರೆ ಆರ್ಕೇಡಿನ ರಕ್ತವೆಲ್ಲ ಹಾಜರ್. ಗುಟ್ಟು ಅಂತ ಹೆಸರಿಗೆ. ಶಾಲೆಯ ಹಿಂದಿನ ಬೆಂಚಿಗೆ ಅದು ತಲುಪಲು ಎಷ್ಟು ಹೊತ್ತು ಬೇಕು?

ಗ್ರಾಫಿಕ್ಸ್, ಧ್ವನಿ ಎರಡರಲ್ಲೂ ನಿಂಟೆಂಡೋ ಆವೃತ್ತಿಯೇ ಮೇಲು. ಆದರೂ ಹೆಚ್ಚು ಮಾರಿದ್ದು ಜೆನೆಸಿಸ್ ಆವೃತ್ತಿ. ಮರುವರ್ಷ ಎರಡನೇ ಭಾಗ ಬಂದಾಗ ನಿಂಟೆಂಡೋ ಕೂಡ ರಕ್ತಕ್ಕೆ ಒಪ್ಪಿಗೆ ಕೊಟ್ಟಿತು.

ಅಮೆರಿಕದ ಸೆನೆಟ್‌ನಲ್ಲಿ ವಿಡಿಯೋ ಗೇಮ್ ವಿಚಾರಣೆ ಆಯಿತಂತೆ, ಏನದು?

1993ರ ಡಿಸೆಂಬರ್ 9. ಸೆನೆಟರ್‌ಗಳಾದ ಜೋಸೆಫ್ ಲೀಬರ್‌ಮನ್, ಹರ್ಬ್ ಕೋಲ್ ಮುಂದಾಳತ್ವ. ಕಟಕಟೆಯಲ್ಲಿ ಮುಖ್ಯವಾಗಿ ಮೂರು ಆಟ: ಮಾರ್ಟಲ್ ಕಾಂಬ್ಯಾಟ್, ನೈಟ್ ಟ್ರ್ಯಾಪ್, ಲೀಥಲ್ ಎನ್‌ಫೋರ್ಸರ್ಸ್. ಮೂರನೆಯದರ ಜೊತೆಗೆ ಬರುತ್ತಿದ್ದ, ನಿಜವಾದ ರಿವಾಲ್ವರ್ ಥರ ಕಾಣುವ ಪ್ಲಾಸ್ಟಿಕ್ ಗನ್ನನ್ನು ಲೀಬರ್‌ಮನ್ ಎತ್ತಿ ತೋರಿಸಿದ ಚಿತ್ರ ಪ್ರಸಿದ್ಧ.

ನೈಟ್ ಟ್ರ್ಯಾಪ್ ಪಾಡು ಮಾತ್ರ ಪಾಪ ಅನ್ನಿಸುತ್ತದೆ. 1987ರಲ್ಲೇ ಚಿತ್ರೀಕರಿಸಿ, ಬೇರೊಂದು ಯಂತ್ರಕ್ಕೆಂದು ಇಟ್ಟು, ಅದು ಬಾರದೇ ಹೋಗಿ, 1992ರಲ್ಲಿ ಜೆನೆಸಿಸ್‌ಗೆ ಜೋಡಿಸುವ ಸೆಗಾ ಸಿಡಿ ಯಂತ್ರದಲ್ಲಿ ಹೊರಬಂದ ಅಗ್ಗದ ಭಯಾನಕ ನಾಟಕ ಅದು. ಅದರಲ್ಲಿ ಆಟಗಾರನ ಕೆಲಸ ಮನೆಗೆ ನುಗ್ಗಿದವರನ್ನು ಬಲೆಗೆ ಕೆಡವಿ ಹುಡುಗಿಯರನ್ನು ಕಾಪಾಡುವುದು. ವಿಚಾರಣೆಯಲ್ಲಿ ಬಿಂಬಿತವಾದದ್ದು ಹುಡುಗಿಯರನ್ನು ಕೊಲ್ಲುವ ಆಟ ಎಂಬಂತೆ.

ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಕಂಪನಿಗಳ ನಡುವಿನ ಕಾಳಗದಲ್ಲಿ. ನಿಂಟೆಂಡೋದ ಹೊವರ್ಡ್ ಲಿಂಕನ್ ಒಂದು ಕಡೆ, ಸೆಗಾದ ಬಿಲ್ ವೈಟ್ ಇನ್ನೊಂದು ಕಡೆ. ಈ ವೈಟ್ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ನಿಂಟೆಂಡೋ ಬಿಟ್ಟು ಸೆಗಾ ಸೇರಿದ್ದವರು. ಉದ್ಯಮವೆಲ್ಲ ಒಟ್ಟಾಗಿ ನಿಲ್ಲಬೇಕಾದ ಜಾಗದಲ್ಲಿ ಇಬ್ಬರೂ ಸೆನೆಟರ್‌ಗಳ ಎದುರಿಗೇ ಒಬ್ಬರ ಮೇಲೊಬ್ಬರು ಕೆಸರೆರಚಿದರು. ನೈಟ್ ಟ್ರ್ಯಾಪ್ ನಿಂಟೆಂಡೋ ಯಂತ್ರದಲ್ಲಿ ಎಂದೂ ಬರುವುದಿಲ್ಲ ಎಂದರು ಲಿಂಕನ್. 2018ರಲ್ಲಿ ನಿಂಟೆಂಡೋ ಸ್ವಿಚ್‌ನಲ್ಲಿ ಬಂತು.

1994ರಲ್ಲಿ ಇಎಸ್‌ಆರ್‌ಬಿ ಎಂಬ ರೇಟಿಂಗ್ ಮಂಡಳಿ ಹುಟ್ಟಿದ್ದು ಈ ಒತ್ತಡದಿಂದಲೇ. ಅಮೆರಿಕದ ಗೇಮ್ ಡಬ್ಬಿಗಳ ಮೂಲೆಯಲ್ಲಿ ಇವತ್ತೂ ಕಾಣುವ 'ಇ' (ಎಲ್ಲರಿಗೆ), 'ಟಿ' (ಹದಿಹರೆಯದವರಿಗೆ), 'ಎಂ' (ದೊಡ್ಡವರಿಗೆ) ಅಕ್ಷರಗಳ ಹಿಂದಿನ ಕಥೆ ಇದು.

ಡೂಮ್ ಬಂದದ್ದು ಅದರ ಮರುದಿನವೇ?

ಹೌದು, ಡಿಸೆಂಬರ್ 10. ಸೆನೆಟರ್‌ಗಳು ನಾಣ್ಯದ ಪೆಟ್ಟಿಗೆ, ಕಾರ್ಟ್ರಿಜ್, ಅಂಗಡಿಯ ಕಪಾಟಿನ ಬಗ್ಗೆ ಚರ್ಚೆ ಮಾಡಿ ಎದ್ದರು. ಮರುದಿನ ಬಂದ ಆಟಕ್ಕೆ ಅವು ಮೂರೂ ಬೇಕಿರಲಿಲ್ಲ.

ಟೆಕ್ಸಸ್‌ನ ಮೆಸ್ಕೀಟ್ ಊರಿನಲ್ಲಿದ್ದ ಇಡ್ ಸಾಫ್ಟ್‌ವೇರ್ ಡೂಮ್ ಮಾಡಿದ, ಬೆರಳೆಣಿಕೆಯ ಜನರ ಕಂಪನಿ. ಆಟವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಫ್‌ಟಿಪಿ ಸರ್ವರ್‌ಗೆ (ಫೈಲ್ ಹಂಚುವ ಕಂಪ್ಯೂಟರಿಗೆ) ಏರಿಸುವುದು ಎಂದು ಮಾತಾಗಿತ್ತು. ಕಾದು ಕೂತವರು ಎಷ್ಟು ಜನ ಅಂದರೆ, ಸರ್ವರ್‌ನ ಜಾಗವೆಲ್ಲ ಅವರೇ ತುಂಬಿಕೊಂಡು, ಆಟ ಏರಿಸಬೇಕಾದವರಿಗೇ ಒಳಗೆ ಬರಲು ದಾರಿಯಿಲ್ಲ. ಹೇಗೋ ಜಾಗ ಮಾಡಿಸಿಕೊಂಡು ಏರಿಸಿದರು. ಸಾವಿರಾರು ಮಂದಿ ಒಮ್ಮೆಗೇ ಮುಗಿಬಿದ್ದ ರಭಸಕ್ಕೆ ಸರ್ವರ್ ಕುಸಿಯಿತು. ಫೈಲಿನ ಗಾತ್ರ ಎರಡು ಎಂಬಿ ಚಿಲ್ಲರೆ, ಎರಡು ಫ್ಲಾಪಿಗೆ ಹಿಡಿಸುವಷ್ಟು.

ಪುಕ್ಕಟೆ ಕೊಟ್ಟರೆ ಅವರಿಗೆ ಸಿಕ್ಕಿದ್ದೇನು?

ಇದಕ್ಕೆ ಶೇರ್‌ವೇರ್ ಎನ್ನುತ್ತಿದ್ದರು. ಪರಿಷೆಯಲ್ಲಿ ಕಡಲೆಕಾಯಿ ಮಾರುವವರು ಮೊದಲು ಒಂದು ಹಿಡಿ ರುಚಿ ನೋಡಲು ಕೊಡುತ್ತಾರಲ್ಲ, ಅದೇ ಲೆಕ್ಕ. ಆದರೆ ಇಡ್ ಕೊಟ್ಟ ಹಿಡಿ ದೊಡ್ಡದು. ಮೂರರಲ್ಲಿ ಇಡೀ ಒಂದು ಕಂತು, ಒಂಬತ್ತು ಲೆವೆಲ್, ಪೂರ್ತಿ ಉಚಿತ. ನಕಲು ಮಾಡಿ ಹಂಚಿ, ಬೇಕಾದರೆ ಅಂಗಡಿಯಲ್ಲಿಟ್ಟು ಮಾರಿ ದುಡ್ಡು ನೀವೇ ಇಟ್ಟುಕೊಳ್ಳಿ ಎಂದರು. ಅಂಗಡಿಯವರು ತಮ್ಮ ಖರ್ಚಿನಲ್ಲೇ ಡೂಮ್‌ಗೆ ಪ್ರಚಾರ ಕೊಟ್ಟ ಹಾಗಾಯಿತು. ಉಳಿದ ಎರಡು ಕಂತು ಬೇಕಾದವರು ನೇರವಾಗಿ ಕಂಪನಿಗೆ ಸುಮಾರು 40 ಡಾಲರ್ ಕಳಿಸಬೇಕು. ನಡುವೆ ಪಾಲು ಕೇಳುವವರಿಲ್ಲ.

ಡೂಮ್‌ನ ತಾಂತ್ರಿಕ ಹೆಚ್ಚುಗಾರಿಕೆ ಏನು? ಅದು ನಿಜವಾದ 3ಡಿ ಅಲ್ಲ ಅನ್ನುತ್ತಾರಲ್ಲ?

ಅಲ್ಲ, ಅದೇ ಅದರ ಸೊಗಸು. ಡೂಮ್ ನಕ್ಷೆಯಲ್ಲಿ ಕೋಣೆಯ ಮೇಲೆ ಕೋಣೆ ಇರುವ ಹಾಗಿಲ್ಲ. ತಲೆ ಎತ್ತಿ ಮೇಲೆ ನೋಡುವ ಹಾಗಿಲ್ಲ. ಮೇಲಿನ ದಂಡೆಯಲ್ಲಿರುವ ರಾಕ್ಷಸನ ನೇರಕ್ಕೆ ನಿಂತು ಗುಂಡು ಹಾರಿಸಿದರೆ ಗುಂಡು ತಾನೇ ಮೇಲೆ ಹೋಗಿ ತಗಲುತ್ತದೆ. ಇಡ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಮಾಡಿದ ಉಪಾಯ ಇಷ್ಟು: ನಕ್ಷೆಯನ್ನು ಮೊದಲೇ ಸಣ್ಣ ಸಣ್ಣ ತುಂಡುಗಳಾಗಿ ಸೀಳಿ, ಮರದ ಕೊಂಬೆಗಳಂತೆ ಜೋಡಿಸಿಟ್ಟುಬಿಡುವುದು. ಆಡುವಾಗ ಯಾವ ಗೋಡೆ ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತ ಕೂರಬೇಕಿಲ್ಲ, ಮರದ ಜಾಡು ಹಿಡಿದು ಇಳಿದರೆ ಸಾಕು. ಕಾಣದ ಗೋಡೆಯನ್ನು ಬಿಡಿಸುವ ಶ್ರಮವೂ ಉಳಿಯಿತು. ಹೀಗಾಗಿ ಆಫೀಸಿನ 486 ಕಂಪ್ಯೂಟರಿನಲ್ಲೂ ಮಬ್ಬುಗತ್ತಲು, ಮೆಟ್ಟಿಲು, ಏರಿಳಿಯುವ ಲಿಫ್ಟು ಎಲ್ಲ ಸಲೀಸಾಗಿ ಓಡಿದವು.

ಆಯುಧಗಳ ಕಥೆ ಇನ್ನೂ ಚೆನ್ನ. ಕೈಯಲ್ಲಿ ಹಿಡಿದಂತೆ ಕಾಣುವ ಬಂದೂಕುಗಳೆಲ್ಲ ಆಟಿಕೆ ಅಂಗಡಿಯ ಸಾಮಾನು, ಫೋಟೋ ತೆಗೆದು ತಿದ್ದಿದ್ದು. ಕೆಲವು ರಾಕ್ಷಸರನ್ನು ಚಿತ್ರಕಾರ ಏಡ್ರಿಯನ್ ಕಾರ್ಮ್ಯಾಕ್ ಮೊದಲು ಜೇಡಿಮಣ್ಣಿನಲ್ಲಿ ತಟ್ಟಿ, ಸುತ್ತಲೂ ತಿರುಗಿಸಿ ಚಿತ್ರ ಹಿಡಿದರು. ಮರ ಕೊಯ್ಯುವ ಗರಗಸ ಮಾತ್ರ ಅಸಲಿ, ಪರಿಚಯದವರಿಂದ ಎರವಲು ತಂದದ್ದು.

ನೆಟ್‌ವರ್ಕ್ ಇದ್ದ ಕಡೆ ನಾಲ್ವರು ಒಟ್ಟಿಗೆ ಆಡಬಹುದಿತ್ತು. ಒಬ್ಬರನ್ನೊಬ್ಬರು ಕೊಲ್ಲುವ ಆ ಬಗೆಗೆ 'ಡೆತ್‌ಮ್ಯಾಚ್' ಎಂದು ಹೆಸರಿಟ್ಟವರು ಇಡ್‌ನ ಜಾನ್ ರೊಮೆರೋ. ಮೊದಲ ಆವೃತ್ತಿ ಪ್ರತಿ ಸಂದೇಶವನ್ನೂ ನೆಟ್‌ವರ್ಕಿನ ಎಲ್ಲ ಕಂಪ್ಯೂಟರುಗಳಿಗೂ ಸಾರುತ್ತಿತ್ತು. ನಾಲ್ವರು ಆಡಿದರೆ ಇಡೀ ಕಟ್ಟಡದ ನೆಟ್‌ವರ್ಕ್ ಏದುಸಿರು ಬಿಡುತ್ತಿತ್ತು. ಕಾರ್ನೆಗಿ ಮೆಲನ್‌ನಂಥ ವಿಶ್ವವಿದ್ಯಾಲಯಗಳು, ಇಂಟೆಲ್‌ನಂಥ ಕಂಪನಿಗಳು ಡೂಮ್‌ಗೆ ಕಡಿವಾಣ ಹಾಕಿದ್ದು ಇದಕ್ಕೇ.

ಹಾಗಾದರೆ ಆರ್ಕೇಡಿನವರು ಸುಮ್ಮನೆ ಕೂತಿದ್ದರೇ?

ಎಲ್ಲಿ ಬಂತು! ತಂತ್ರಜ್ಞಾನದಲ್ಲಿ ಅವರದ್ದೇ ಮೇಲುಗೈ. ಯು ಸುಝುಕಿ ಅವರ ತಂಡ ಸೆಗಾದಲ್ಲಿ ವರ್ಚುವಾ ಫೈಟರ್ ಮಾಡಿದ್ದು ಇದೇ ವರ್ಷ. ಪಾಲಿಗಾನ್‌ಗಳಿಂದ (3ಡಿ ಆಕಾರ ಕಟ್ಟುವ ಬಹುಭುಜ ತುಣುಕುಗಳಿಂದ) ಕಟ್ಟಿದ ದೇಹಗಳು ಹೊಡೆದಾಡುವ ಮೊದಲ ದೊಡ್ಡ ಆಟ. ಈಗ ನೋಡಿದರೆ ರಟ್ಟು ಕತ್ತರಿಸಿ ಅಂಟಿಸಿದ ಬೊಂಬೆಗಳು. ಮುಖದಲ್ಲಿ ಮೂಗು ಎಲ್ಲಿ ಎಂದು ಹುಡುಕಬೇಕು. ಆದರೆ ಚಲನೆ ನೋಡಿ: ಒದ್ದಾಗ ಸೊಂಟ ತಿರುಗುತ್ತದೆ, ಬಿದ್ದವನು ಕೈ ಊರಿ ಏಳುತ್ತಾನೆ. ಬಟನ್ ಮೂರೇ, ಗುದ್ದು, ಒದೆ, ತಡೆ. ಬೆಂಕಿಯುಂಡೆ ಇಲ್ಲ, ಪಾತ್ರಗಳ ಪಟ್ಟುಗಳಿಗೆ ನಿಜವಾದ ಸಮರಕಲೆಗಳ ಬುನಾದಿ.

ನಾಮ್ಕೋದ ರಿಡ್ಜ್ ರೇಸರ್ ಅಕ್ಟೋಬರಿನಲ್ಲಿ ಬಂತು. ವರ್ಚುವಾ ಫೈಟರ್ ದೇಹಗಳಿಗೆ ಬರೀ ಬಣ್ಣ ಬಳಿದಿದ್ದರೆ, ಇಲ್ಲಿ ರಸ್ತೆ, ಬಂಡೆ, ಸುರಂಗ ಎಲ್ಲದರ ಮೇಲೂ ಚಿತ್ರದ ಹೊದಿಕೆ, ಅದೂ ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ. ಇದರದ್ದೇ ಒಂದು ಆವೃತ್ತಿಯಲ್ಲಿ ಪೆಟ್ಟಿಗೆಯ ಬದಲು ಅಸಲಿ ಮಾಝ್ಡಾ ಕಾರನ್ನೇ ನಿಲ್ಲಿಸಿ, ಎದುರಿಗೆ ಗೋಡೆಯಗಲದ ಪರದೆ ಹಾಕಿದ್ದರು. ಕೀ ತಿರುಗಿಸಿ ಸ್ಟಾರ್ಟ್ ಮಾಡಬೇಕು! ಸೆಗಾ ತನ್ನ ಡೇಟೋನಾ ಯುಎಸ್‌ಎ ಆಟವನ್ನು ಜಪಾನಿನಲ್ಲಿ ಪರೀಕ್ಷೆಗೆ ಇಟ್ಟದ್ದೂ 1993ರಲ್ಲೇ.

ಆದರೆ ನವೆಂಬರಿನಲ್ಲಿ ಸೋನಿ ಸದ್ದಿಲ್ಲದೆ ಸೋನಿ ಕಂಪ್ಯೂಟರ್ ಎಂಟರ್‌ಟೇನ್‌ಮೆಂಟ್ ಎಂಬ ಕಂಪನಿ ಕಟ್ಟಿತು. ಅದರ ಪ್ಲೇಸ್ಟೇಷನ್ 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಬಿಡುಗಡೆಯಾದಾಗ ಮೊದಲ ದಿನದ ಆಟಗಳಲ್ಲಿ ರಿಡ್ಜ್ ರೇಸರ್ ಇತ್ತು. ಆರ್ಕೇಡಿನ ಹೊಚ್ಚಹೊಸ ಯಂತ್ರ ಮಾಡುತ್ತಿದ್ದ ಕೆಲಸ 14 ತಿಂಗಳಲ್ಲಿ ಟಿವಿ ಪಕ್ಕ ಬಂದು ಕೂತಿತು. ಪೂರ್ತಿ ಆಟ ಮೆಮೊರಿಗೆ ಏರಿಬಿಡುತ್ತಿದ್ದರಿಂದ ಡಿಸ್ಕ್ ತೆಗೆದು ನಿಮ್ಮಿಷ್ಟದ ಹಾಡಿನ ಸಿಡಿ ಹಾಕಿಕೊಂಡು ಕಾರು ಓಡಿಸಬಹುದಿತ್ತು. ನಾಣ್ಯದ ಪೆಟ್ಟಿಗೆ ಈ ಸುಖ ಕೊಡಲಾರದು.

ಸ್ಟಾರ್ ಫಾಕ್ಸ್ ಕಾರ್ಟ್ರಿಜ್ ಒಳಗೆ ಕಂಪ್ಯೂಟರ್ ಇತ್ತು ಎನ್ನುವುದು ಉತ್ಪ್ರೇಕ್ಷೆಯೇ?

ಅಷ್ಟೇನಲ್ಲ. ಸೂಪರ್ ನಿಂಟೆಂಡೋಗೆ ತನ್ನಷ್ಟಕ್ಕೆ ಪಾಲಿಗಾನ್ ಬಿಡಿಸುವ ತಾಕತ್ತಿರಲಿಲ್ಲ. ಬ್ರಿಟನ್ನಿನ ಆರ್ಗೊನಾಟ್ ಕಂಪನಿಯ ಹುಡುಗರು ಸೂಪರ್ ಎಫ್‌ಎಕ್ಸ್ ಎಂಬ ಚಿಪ್ ರೂಪಿಸಿ, ಅದನ್ನು ಕಾರ್ಟ್ರಿಜ್ ಒಳಗೇ ಕೂರಿಸಿದರು. ಲೆಕ್ಕವೆಲ್ಲ ಅದರದ್ದು, ತೋರಿಸುವುದು ಮಾತ್ರ ಯಂತ್ರದ್ದು. ಮಾರಿಯೋ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಜೊತೆ ಸೇರಿ ಮಾಡಿದ ಈ ಬಾಹ್ಯಾಕಾಶ ಕಾದಾಟದ ಆಟ ಫೆಬ್ರವರಿಯಲ್ಲಿ ಜಪಾನಿನಲ್ಲಿ ಹೊರಬಂತು.

ಸಿಡಿಯಲ್ಲಿ ಬಂದ ಆಟಗಳಲ್ಲಿ ಮಿಸ್ಟ್ ಬಿಟ್ಟರೆ ಬೇರೇನಿತ್ತು?

ದಿ ಸೆವೆಂತ್ ಗೆಸ್ಟ್ ಇತ್ತು, ಎರಡು ಸಿಡಿ ತುಂಬ ವಿಡಿಯೋ. ನನಗೆ ಆಗಲೂ ಹಿಡಿಸಲಿಲ್ಲ. ಮಿಸ್ಟ್ ಬೇರೆಯೇ ಜಾತಿ. ವಾಷಿಂಗ್ಟನ್ ರಾಜ್ಯದ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸೋದರರು ಮ್ಯಾಕ್ ಕಂಪ್ಯೂಟರಿನ ಹೈಪರ್‌ಕಾರ್ಡ್ ಎಂಬ ಸರಳ ತಂತ್ರಾಂಶದಲ್ಲಿ ಕಟ್ಟಿದ ನಿರ್ಜನ ದ್ವೀಪ. ಸಾಯುವಂತಿಲ್ಲ, ಗಡಿಯಾರ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಬೆಂಕಿ ಉರಿಯುವ ಸದ್ದನ್ನು ನಿಜವಾದ ಬೆಂಕಿಯಿಂದ ಹಿಡಿದರೆ ಕಿವಿಗೆ ಒಪ್ಪಲಿಲ್ಲವಂತೆ. ಕಲ್ಲುಹರಳಿನ ದಾರಿಯಲ್ಲಿ ನಿಧಾನವಾಗಿ ಕಾರು ಓಡಿಸಿದಾಗ ಬಂದ ಸದ್ದನ್ನೇ ಬೆಂಕಿಗೆ ಬಳಸಿದರು. 2002ರಲ್ಲಿ ದಿ ಸಿಮ್ಸ್ ಮುಂದೆ ಹೋಗುವವರೆಗೂ ಪಿಸಿಯಲ್ಲಿ ಅತಿ ಹೆಚ್ಚು ಮಾರಿದ ಆಟ ಮಿಸ್ಟ್. ರಕ್ತವೇ ಮಾರಾಟದ ಗುಟ್ಟು ಅನ್ನುವವರಿಗೆ ಈ ಅಂಕಿ ತೋರಿಸಿ.

3ಡಿಒ, ಅಟಾರಿಯ ಜಾಗ್ವಾರ್ ಗೇಮ್ ಯಂತ್ರಗಳು ಏನಾದವು?

ಸೋತವು. ಒಂದರ ಬೆಲೆ 699 ಡಾಲರ್, ಇನ್ನೊಂದಕ್ಕೆ ಆಟಗಳೇ ಇರಲಿಲ್ಲ.

ಫಾರ್ಮುಲಾ ಒನ್ ಕಾರು ಓಟಗಾರ ಸೆನ್ನಾ ಕೈಯಲ್ಲಿ ಸೋನಿಕ್ ಇರುವ ಫೋಟೋ ಅಸಲಿಯೇ?

ಅಸಲಿ. 1993ರ ಏಪ್ರಿಲ್ 11, ಇಂಗ್ಲೆಂಡಿನ ಡಾನಿಂಗ್ಟನ್ ಪಾರ್ಕ್. ಮಳೆಯಲ್ಲಿ ಆಯರ್ಟನ್ ಸೆನ್ನಾ ಗೆದ್ದ ಆ ಗ್ರ್ಯಾನ್ ಪ್ರೀಗೆ ಸೆಗಾ ಪ್ರಾಯೋಜಕ, ಟ್ರೋಫಿಯಲ್ಲಿ ಸೋನಿಕ್ ಬೊಂಬೆ. ಎದುರಾಳಿ ವಿಲಿಯಮ್ಸ್ ತಂಡಕ್ಕೂ ಸೆಗಾ ಹಣ ಹಾಕಿತ್ತು. ಹಾಗಾಗಿ ಗೆದ್ದಾಗಲೆಲ್ಲ ಸೆನ್ನಾರ ಮೆಕ್‌ಲಾರೆನ್ ತಂಡದವರು ಕಾರಿನ ಮೇಲೆ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ಮುಳ್ಳುಹಂದಿಯ ಚಿತ್ರ ಅಂಟಿಸುತ್ತಿದ್ದರು.

ಆ ಹೊತ್ತಿಗೆ ನಮ್ಮ ಕಡೆ ಏನಿತ್ತು?

ಇದರಲ್ಲಿ ಬಹುಪಾಲು ಇರಲಿಲ್ಲ. ಇಲ್ಲಿ ಟಿವಿಗೆ ಸಿಕ್ಕಿಸುತ್ತಿದ್ದದ್ದು 1983ರ ನಿಂಟೆಂಡೋ ಯಂತ್ರದ ಪಡಿಯಚ್ಚುಗಳು. ಸಮುರಾಯ್, ಮೀಡಿಯಾ ಮುಂತಾದ ಹೆಸರುಗಳು, ಹಳದಿ ಕ್ಯಾಸೆಟ್, ಅದರ ಮೇಲೆ '9999 ಇನ್ 1' ಎಂಬ ಹಸೀ ಸುಳ್ಳು. ಒಳಗೆ ಇದ್ದದ್ದು ಮಾರಿಯೋ, ಕಾಂಟ್ರಾ, ಡಕ್ ಹಂಟ್ ಥರದ ಬೆರಳೆಣಿಕೆಯ ಆಟಗಳೇ, ಬಣ್ಣ, ವೇಗ ಬದಲಿಸಿ ಸಾಲಾಗಿ ನಿಲ್ಲಿಸಿದ್ದು. ಕ್ಯಾಸೆಟ್ ಓಡದಿದ್ದರೆ ತೆಗೆದು ಊದಬೇಕು. ಊದಿದ್ದರಿಂದ ಸರಿಯಾಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಆಗುತ್ತಿತ್ತು, ಆದರೂ ಎಲ್ಲರೂ ಊದುತ್ತಿದ್ದೆವು. ಯಂತ್ರ ಇಲ್ಲದವರು ಬೀದಿಯ ಪಾರ್ಲರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಆಡುತ್ತಿದ್ದರು.

ಡೂಮ್‌ನ್ನು ಇಲ್ಲಿನ ಮನೆಗಳಿಂದ ಡೌನ್‌ಲೋಡ್ ಮಾಡುವ ಮಾತೇ ಇರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಡೂಮ್ ಬಂದದ್ದು ಫ್ಲಾಪಿಯಿಂದ ಫ್ಲಾಪಿಗೆ, ಕಂಪ್ಯೂಟರ್ ಕ್ಲಾಸುಗಳ, ಆಫೀಸುಗಳ ದಾರಿ ಹಿಡಿದು. ಮೊದಲ ಕಂತಿನ ಮಟ್ಟಿಗೆ ಅದು ಕಳ್ಳ ನಕಲೂ ಅಲ್ಲ. ಹಂಚಿ ಎಂದವರು ಇಡ್‌ನವರೇ ತಾನೇ.

ಇವನ್ನೆಲ್ಲ ಈಗ ಆಡಲು ಎಲ್ಲಿಂದ ಶುರು ಮಾಡಲಿ?

ಡೂಮ್‌ನಿಂದ. 1997ರಲ್ಲಿ ಅದರ ಸೋರ್ಸ್ ಕೋಡ್ (ಆಟವನ್ನು ಬರೆದ ಮೂಲ ಪ್ರೋಗ್ರಾಮ್) ಬಹಿರಂಗವಾದ ಮೇಲೆ ಅದು ಓಡದ ಯಂತ್ರವೇ ಇಲ್ಲ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಫೋನಿನಲ್ಲಿ, ಎಲ್ಲ ಕನ್ಸೋಲ್‌ಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಮಿಸ್ಟ್‌ನ ಹೊಸ ರೂಪಗಳಿವೆ, ಆದರೆ ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇಟ್ಟುಕೊಂಡು ಕೂರಿ, ಮೊಬೈಲಿನಲ್ಲಿ ಉತ್ತರ ಹುಡುಕಬೇಡಿ. ಸ್ಟಾರ್ ಫಾಕ್ಸ್ ನಿಂಟೆಂಡೋದ ಆನ್‌ಲೈನ್ ಚಂದಾದಾರಿಕೆಯಲ್ಲಿದೆ. ಎನ್‌ಬಿಎ ಜ್ಯಾಮ್ ಒಬ್ಬರೇ ಆಡುವ ಆಟವಲ್ಲ, ಇನ್ನೂ ಮೂವರನ್ನು ಒಟ್ಟುಹಾಕಿಕೊಳ್ಳಿ. ಬುಲ್ಸ್ ತಂಡ ಮಾತ್ರ ಆರಿಸಿಕೊಳ್ಳಬೇಡಿ, ಎದುರಿಗೆ ಪಿಸ್ಟನ್ಸ್ ಬಂದರೆ ಕಷ್ಟ.